ಯಾವ ದುಡ್ಡು, ಯಾಕೆ ಬರಲಿಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಳೆ ವಿಮೆ, ಬರ ಪರಿಹಾರ, ಪಿಎಂ ಕಿಸಾನ್ ಬಗ್ಗೆ ಏನಿದ್ದರೂ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬರೆದಿದ್ದೀರಿ. ಅರ್ಧಕ್ಕರ್ಧ ಪತ್ರಗಳಲ್ಲಿ ಬೈಗುಳವೇ ಇದೆ, ಇರಲಿ. ಮಂಡ್ಯ ಜಿಲ್ಲೆಯಲ್ಲಿ ಇಪ್ಪತ್ತು ವರ್ಷದ ಮೇಲೆ ಇಂಥ ಅರ್ಜಿಗಳನ್ನು ಮುಂದಿಟ್ಟುಕೊಂಡು 'ಕೊಡಬಹುದು', 'ಬರುವುದಿಲ್ಲ' ಅಂತ ಷರಾ ಬರೆದವನು ನಾನು. ಬೈಸಿಕೊಂಡು ಅಭ್ಯಾಸವಿದೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರೂ ಇಲ್ಲ, ಊರು ಮಾತ್ರ.

ಪ್ರಶ್ನೆ: ಸರ್, ವಿ.ಸಿ. ಫಾರಂನಲ್ಲಿ ಬಿಎಸ್ಸಿ ಅಗ್ರಿ ಮುಗಿಸಿದ್ದೇನೆ. ಒಂದು ವಿಮಾ ಕಂಪನಿ ಪರವಾಗಿ ಬೆಳೆ ನಷ್ಟದ ಅರ್ಜಿಗಳನ್ನು ಪರಿಶೀಲಿಸುವ ಗುತ್ತಿಗೆ ಕೆಲಸ ಸಿಕ್ಕಿದೆ. ಅಪ್ಪ ರೈತರು. "ನಮ್ಮಂಥೋರ ಅರ್ಜಿ ಹೊಡೆದು ಹಾಕಕ್ಕೆ ಓಯ್ತಿದ್ದೀಯಾ?" ಅಂತ ಕೇಳಿದರು. ಏನು ಹೇಳಲಿ? (ಮಂಡ್ಯ)

ಉತ್ತರ: ನನ್ನ ಮಗಳ ವಯಸ್ಸು ನಿನಗೆ, ಏಕವಚನಕ್ಕೆ ಬೇಜಾರು ಮಾಡಿಕೊಳ್ಳಬೇಡಮ್ಮ. ಅಪ್ಪ ಕೇಳಿದ್ದರಲ್ಲಿ ತಪ್ಪಿಲ್ಲ. ಹೊಡೆದು ಹಾಕೋದೂ ಈ ಕೆಲಸದಲ್ಲಿ ಇದೆ, ಇಲ್ಲ ಅಂತ ಅವರಿಗೆ ಸುಳ್ಳು ಹೇಳಬೇಡ.

ಮೊದಲ ದಿನವೇ ಒಂದು ಕಲಿ. ಎದುರಿಗೆ ಬಂದವರು 'ಸರ್ಕಾರದ ದುಡ್ಡು ಬಂದಿಲ್ಲ' ಅಂದರೆ, ಯಾವ ದುಡ್ಡು ಅಂತ ಕೇಳು. ಫಸಲ್ ಬಿಮಾ ಅನ್ನೋದು ರೈತರು ತಮ್ಮ ಪಾಲಿನ ಕಂತು ಕಟ್ಟಿ ಮಾಡಿಸೋ ಬೆಳೆ ವಿಮೆ. 2016ರ ಮುಂಗಾರಿನಿಂದ ಇದೆ, 2020ರಿಂದ ಸಾಲ ಪಡೆದವರಿಗೂ ಕಡ್ಡಾಯವಲ್ಲ. ಬರ, ನೆರೆ ಬಂದಾಗ ಸಿಗೋ ಪರಿಹಾರ ವಿಪತ್ತು ನಿಧಿಯದು, ಅದಕ್ಕೆ ಯಾರೂ ಕಂತು ಕಟ್ಟಿಲ್ಲ, ಲೆಕ್ಕವೂ ಬೇರೆ. ಪಿಎಂ ಕಿಸಾನ್ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಸಲ, ಬೆಳೆ ಬಂದರೂ ಅಷ್ಟೇ ಹೋದರೂ ಅಷ್ಟೇ. ಕಚೇರಿ ಮೆಟ್ಟಿಲ ಮೇಲೆ ನಿಂತವರ ತಲೆಯಲ್ಲಿ ಮೂರೂ ಕಲಸಿಹೋಗಿರುತ್ತವೆ. ಒಂದೊಂದು ಸಲ ಮೇಜಿನ ಈಚೆ ಕೂತವರ ತಲೆಯಲ್ಲೂ.

ಇನ್ನೊಂದು ವಿಷಯ ಹೇಳುತ್ತೇನೆ, ಇದು ನನ್ನದೇ ತಪ್ಪು. ಒಂದು ವರ್ಷ ಪರಿಹಾರದ ಪಟ್ಟಿ ನೋಡುತ್ತಿದ್ದೆ, ಸಂಜೆಯೊಳಗೆ ಕಳಿಸಬೇಕಿತ್ತು. ಒಬ್ಬ ಅಜ್ಜಿಯ ಅರ್ಜಿ. ಪಹಣಿಯಲ್ಲಿ ಹೆಸರಿನ ಕೊನೆಗೆ 'ಅಮ್ಮ' ಇದೆ, ಆಧಾರ್‌ನಲ್ಲಿ ಇಲ್ಲ. 'ಹೆಸರು ಹೊಂದಾಣಿಕೆ ಇಲ್ಲ, ತಿರಸ್ಕರಿಸಿದೆ' ಅಂತ ಬರೆದು ಮುಂದಿನದಕ್ಕೆ ಹೋದೆ, ಅರ್ಧ ನಿಮಿಷದ ಕೆಲಸ. ಎರಡು ತಿಂಗಳಾದ ಮೇಲೆ ಆಕೆ ಬಂದರು. ಜಗಳ ಆಡಲಿಲ್ಲ. ಪ್ಲಾಸ್ಟಿಕ್ ಕವರ್ ಬಿಚ್ಚಿ, ಮಡಿಕೆಯಲ್ಲೆಲ್ಲ ಹರಿದಿದ್ದ ಕಂದಾಯದ ರಸೀದಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದರು. ಅವರ ಗಂಡನ ಕಾಲದಿಂದ ಒಂದು ವರ್ಷವೂ ತಪ್ಪಿರಲಿಲ್ಲ. ರಸೀದಿಗಳ ಮೇಲೆ ಕುಂಕುಮ ಮೆತ್ತಿತ್ತು, ದೇವರ ಗೂಡಲ್ಲಿ ಇಟ್ಟಿದ್ದರು ಅಂತ ಕಾಣುತ್ತೆ. "ನಾನು ನಾನೇ ಅಲ್ಲ ಅಂತ ಬರ್ದವ್ರಂತಲ್ಲ ಬುದ್ಧಿ, ಯಾರು ಬರ್ದದ್ದು?" ಅಂದರು. ಕೈಬರಹ ನನ್ನದೇ. ಅಷ್ಟೊತ್ತಿಗೆ ಪಟ್ಟಿ ಮುಚ್ಚಿಹೋಗಿತ್ತು, ಅವರ ದುಡ್ಡು ಬರೋ ಹೊತ್ತಿಗೆ ಮುಂದಿನ ವರ್ಷದ ಯುಗಾದಿ ಕಳೆದಿತ್ತು.

ಅವತ್ತಿಂದ 'ತಿರಸ್ಕರಿಸಿದೆ' ಬರೆಯೋ ಮುಂಚೆ ಒಂದು ನೋಡಿಕೊಳ್ಳುತ್ತಿದ್ದೆ. ಇದು ಇವರಿಗೆ ಬರಲೇಬಾರದ ದುಡ್ಡೋ, ಇಲ್ಲಾ ಕಾಗದ ತಿದ್ದಿದರೆ ಬರೋ ದುಡ್ಡೋ? ಎರಡನೇದಾದರೆ ವಾಪಸ್ ಕಳಿಸಬೇಕು, ಏನು ತಿದ್ದಬೇಕು ಅಂತ ಕನ್ನಡದಲ್ಲಿ ಬಿಡಿಸಿ ಬರೆದು ಕಳಿಸಬೇಕು. 'ದಾಖಲೆ ಸಮರ್ಪಕವಾಗಿಲ್ಲ' ಅಂತ ಬರೆದರೆ ಆ ಮನುಷ್ಯ ಮನೆಗೆ ಹೋಗಿ ಏನು ಮಾಡಬೇಕು? ನಿಮ್ಮ ಕಂಪನಿಯಲ್ಲಿ ದಿನಕ್ಕೆ ಇಷ್ಟು ಕಡತ ಮುಗಿಸಬೇಕು ಅಂತ ಲೆಕ್ಕ ಇರುತ್ತೆ, ಗೊತ್ತು. ಅದರ ಮಧ್ಯೆಯೇ ಮಾಡಬೇಕು. ಅಪ್ಪನಿಗೆ ಇದನ್ನೇ ಹೇಳು. ಆಮೇಲೆ ಒಳ್ಳೆ ಟೋಪಿ ಒಂದು ತಗೋ, ನಷ್ಟ ನೋಡೋಕೆ ಹೋಗೋದು ಯಾವಾಗಲೂ ಮಟಮಟ ಮಧ್ಯಾಹ್ನವೇ ಆಗೋದು.

ಪ್ರಶ್ನೆ: ನಮ್ಮದು ಎರಡೂವರೆ ಎಕರೆ ರಾಗಿ, ಪೂರ್ತಿ ಒಣಗಿತು. ಹಳ್ಳದ ಆಚೆ ನನ್ನ ಭಾವಮೈದನ ಹೊಲ. ಅವನಿಗೆ ವಿಮೆ ಬಂತು, ನನಗೆ ಬರಲಿಲ್ಲ. ಅವನ ರಾಗಿ ನನ್ನದಕ್ಕಿಂತ ಚೆನ್ನಾಗಿತ್ತು ಸ್ವಾಮಿ! ಇದು ಯಾವ ನ್ಯಾಯ? (ಬಸರಾಳು)

ಉತ್ತರ: ಹಳ್ಳದ ಆಚೆ ಬೇರೆ ಗ್ರಾಮ ಪಂಚಾಯಿತಿ ಅಲ್ವಾ? ಉತ್ತರ ಅಲ್ಲೇ ಇದೆ.

ಈ ವಿಮೆಯಲ್ಲಿ ಬರಗಾಲದ ನಷ್ಟಕ್ಕೆ ನಿಮ್ಮ ಹೊಲವನ್ನು ಯಾರೂ ಬಂದು ನೋಡೋದಿಲ್ಲ. ಮುಖ್ಯ ಬೆಳೆಗೆ ಇಡೀ ಗ್ರಾಮ ಪಂಚಾಯಿತಿ ಒಂದು ಲೆಕ್ಕ, ಮುಖ್ಯವಲ್ಲದ ಬೆಳೆಗೆ ಇಡೀ ಹೋಬಳಿ. ಪಂಚಾಯಿತಿಯಲ್ಲಿ ಚೀಟಿ ಎತ್ತಿದ ಹಾಗೆ ನಾಲ್ಕು ಜಾಗ ಆರಿಸಿ, ಅಲ್ಲಿ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಆ ನಾಲ್ಕು ಜಾಗ ಹೇಳಿದ್ದೇ ಎಲ್ಲರ ಹಣೆಬರಹ.

ದುದ್ದ ಹೋಬಳಿಯಲ್ಲಿ ಒಂದು ಪ್ರಯೋಗಕ್ಕೆ ಹೋಗಿದ್ದೆ. ಹೊಲದ ಒಂದು ಮೂಲೆಯಿಂದ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಡ್ಡಕ್ಕೆ ಅಂತ ಮೊದಲೇ ಅಂಕಿ ಬಂದಿರುತ್ತೆ, ನಮ್ಮಿಷ್ಟದ ಜಾಗಕ್ಕೆ ಹೋಗೋ ಹಾಗಿಲ್ಲ. ಅಲ್ಲಿ ಗೂಟ ಹೊಡೆದು 5 ಮೀಟರ್‌ಗೆ 5 ಮೀಟರ್ ಚೌಕಕ್ಕೆ ಹಗ್ಗ ಕಟ್ಟಿದೆವು. ನೋಡಿದರೆ ಇಡೀ ಹೊಲದಲ್ಲಿ ತೆನೆ ತುಂಬಿದ್ದು ಆ ಚೌಕದಲ್ಲೇ, ಮೇಲಿನ ಬದುವಿನಿಂದ ಸ್ವಲ್ಪ ತೇವ ಇಳಿಯುತ್ತಿತ್ತು. ಹೊಲದ ಒಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಇಡೀ ಹೊಲ ಬಿಟ್ಟು ನನ್ ಮಗ್ಳು ಮದ್ವೆ ರಾಗಿನೇ ಬೇಕಿತ್ತಾ ನಿಮ್ಗೆ?" ಅಂದರು. ನಗು ಬಂತು, ನಗೋ ಹಾಗಿರಲಿಲ್ಲ. ಕೊಯ್ದು, ಬಡಿದು, ತೂರಿ, ತೂಕಕ್ಕೆ ನೇತು ಹಾಕಿದಾಗ ಮೂರು ಕೆಜಿ. ಮೊಬೈಲಲ್ಲಿ ಫೋಟೋ ಹೊಡೆದು ಅಂಕಿ ತುಂಬಿದೆವು.

ಈ ಮೂರು ಕೆಜಿಯ ಕಥೆ ಕೇಳಿ. 25 ಚದರ ಮೀಟರಿಗೆ 3 ಕೆಜಿ ಅಂದರೆ ಹೆಕ್ಟೇರಿಗೆ 12 ಕ್ವಿಂಟಾಲ್. ಉಳಿದ ಮೂರು ಕಡೆಯೂ ಹೀಗೇ ಬಂದು ಸರಾಸರಿ 12 ಆಯಿತು ಅಂತಿಟ್ಟುಕೊಳ್ಳಿ. ಇದನ್ನು ಪ್ರಾರಂಭಿಕ ಇಳುವರಿ ಅನ್ನೋ ಹಳೇ ಲೆಕ್ಕದ ಜೊತೆ ಹೋಲಿಸುತ್ತಾರೆ. ಹಿಂದಿನ ಏಳು ವರ್ಷದಲ್ಲಿ ಚೆನ್ನಾಗಿ ಬೆಳೆದ ಐದು ವರ್ಷದ ಸರಾಸರಿ ತೆಗೆದು, ಅದರಲ್ಲಿ ಶೇ. 70, 80 ಅಥವಾ 90 ಹಿಡಿಯುತ್ತಾರೆ. ಆ ಸರಾಸರಿ 20 ಕ್ವಿಂಟಾಲ್ ಇದ್ದು ಶೇ. 80 ಹಿಡಿದರೆ 16. ಸಿಕ್ಕಿದ್ದು 12. ನಾಲ್ಕು ಕಮ್ಮಿ, ಅಂದರೆ 16ರಲ್ಲಿ ಕಾಲು ಭಾಗ. ನಿಮ್ಮ ವಿಮಾ ಮೊತ್ತ 20,000 ಇದ್ದರೆ 5,000 ಬರುತ್ತೆ. ಸರಾಸರಿ 16 ದಾಟಿತೋ, ನಿಮ್ಮ ಹೊಲದಲ್ಲಿ ಒಂದು ಕಾಳು ಆಗದಿದ್ದರೂ ಸೊನ್ನೆ. ನಿಮ್ಮ ಪಂಚಾಯಿತಿಯಲ್ಲಿ ಆಗಿರೋದು ಇದೇ ಅಂತ ನನ್ನ ಊಹೆ.

ನ್ಯಾಯವಾ ಅಂತ ಕೇಳಿದಿರಿ. ಹೊಲಹೊಲಕ್ಕೂ ಹೋಗಿ ಅಳೆಯೋದಾದರೆ ಅಳೆಯೋರ ಸಂಬಳಕ್ಕೇ ವಿಮೆ ಮಾಡಿಸಬೇಕಾಗುತ್ತೆ, ಅದಕ್ಕೇ ಹೀಗೆ ಮಾಡಿದ್ದಾರೆ. ಮುಂಗಾರಿಗೆ ನೀವು ಕಟ್ಟೋದು ವಿಮಾ ಮೊತ್ತದ ಶೇ. 2 ಮಾತ್ರ, ಉಳಿದ ಕಂತನ್ನು ಸರ್ಕಾರಗಳು ಹಾಕುತ್ತವೆ. ಆದರೆ ನಾಲ್ಕು ಚೌಕ ಒಂದು ಪಂಚಾಯಿತಿಗೆ ಕಮ್ಮಿ ಅಂತ ನಾನು ಕೆಲಸದಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಮೇಲೆ ಬೋರೆ, ಕೆಳಗೆ ಕೆರೆ ಬಯಲು ಎರಡೂ ಇರೋ ಪಂಚಾಯಿತಿಗಳಲ್ಲಿ ಅನ್ಯಾಯ ಆಗೇ ಆಗುತ್ತೆ. ನೀವು ಮಾಡಬಹುದಾದ್ದು ಒಂದಿದೆ. ಕಟಾವು ಪ್ರಯೋಗ ಗುಟ್ಟಿನ ಕೆಲಸವಲ್ಲ. ಯಾವ ಸರ್ವೆ ನಂಬರಿನಲ್ಲಿ ಅಂತ ರೈತ ಸಂಪರ್ಕ ಕೇಂದ್ರದಲ್ಲೋ ಗ್ರಾಮ ಆಡಳಿತ ಅಧಿಕಾರಿ ಹತ್ತಿರವೋ ವಿಚಾರಿಸಿ, ಆ ದಿನ ಹೋಗಿ ನಿಂತುಕೊಳ್ಳಿ. ನಾಲ್ಕು ಜನ ನೋಡುತ್ತಿದ್ದರೆ ಹಗ್ಗ ನೆಟ್ಟಗಿರುತ್ತೆ.

ಪ್ರಶ್ನೆ: ಮನೆಯವರು ನಿವೃತ್ತ ಶಿಕ್ಷಕರು, ಪಿಂಚಣಿ ಬರುತ್ತದೆ. ಜಮೀನು ನನ್ನ ಹೆಸರಲ್ಲಿದೆ. ನನಗೆ ಪಿಎಂ ಕಿಸಾನ್ ಬರುತ್ತಾ? (ಪಾಂಡವಪುರ)

ಉತ್ತರ: ಬರಲ್ಲಮ್ಮ. ಗಂಡ, ಹೆಂಡತಿ, ಚಿಕ್ಕ ಮಕ್ಕಳು ಸೇರಿ ಒಂದು ಕುಟುಂಬ ಅಂತ ಲೆಕ್ಕ. ಅದರಲ್ಲಿ ಒಬ್ಬರಿಗೆ ತಿಂಗಳಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಪಿಂಚಣಿ ಇದ್ದರೆ ಆಗಲ್ಲ, ಡಿ ಗ್ರೂಪ್‌ನಲ್ಲಿ ಇದ್ದವರಿಗೆ ಮಾತ್ರ ವಿನಾಯಿತಿ. ಆದಾಯ ತೆರಿಗೆ ಕಟ್ಟುವವರಿಗೂ ಇಲ್ಲ. ಸುಮ್ನೆ ಅರ್ಜಿ ಹಾಕಿ, ದುಡ್ಡು ಬಂದು, ಆಮೇಲೆ ವಾಪಸ್ ಕಟ್ಟಿ ಅಂತ ನೋಟಿಸ್ ಬಂದರೆ ತಲೆನೋವು.

ಪ್ರಶ್ನೆ: ರಾಗಿಗೆ ವಿಮೆ ಕಟ್ಟಿದ್ದೆ, ರಾಗಿಯನ್ನೇ ಬೆಳೆದಿದ್ದೆ. ಈಗ 'ಬೆಳೆ ಸಮೀಕ್ಷೆಯಲ್ಲಿ ಅವರೆ ಎಂದು ಇದೆ' ಅಂತ ವಿಮೆ ತಿರಸ್ಕಾರವಾಗಿದೆ. ಅವರೆ ಬಿತ್ತಿದ್ದು ರಾಗಿ ಮಧ್ಯದ ಅಕ್ಕಡಿ ಸಾಲಿನಲ್ಲಿ ಮಾತ್ರ! (ನಾಗಮಂಗಲ)

ಉತ್ತರ: ನಿಮ್ಮ ಪತ್ರ ಓದಿ ಜೋರಾಗಿ ನಕ್ಕುಬಿಟ್ಟೆ, ಕ್ಷಮಿಸಿ. ಏನಾಗಿದೆ ಅಂತ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿದೆ. ಸಮೀಕ್ಷೆಗೆ ಬಂದ ಹುಡುಗ ಬೈಕ್ ನಿಲ್ಲಿಸಿ ಬದು ಹತ್ತಿದ್ದಾನೆ, ಎದುರಿಗೇ ಹೂ ಬಿಟ್ಟ ಅವರೆ ಸಾಲು. ಫೋಟೋ ಹೊಡೆದ, 'ಅವರೆ' ಒತ್ತಿದ, ಮುಂದಿನ ಹೊಲಕ್ಕೆ ಹೋದ. ಒಂದು ತುಂಡು ನೆಲಕ್ಕೆ ಇಂತಿಷ್ಟು ಅಂತ ಅವರಿಗೆ ಕೂಲಿ. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಇಲ್ಲದಿದ್ದರೆ ಅದು ಹೊಲವೇ ಅಲ್ಲ ಅಂತ ಪೇಟೆ ಹುಡುಗನಿಗೆ ಯಾರು ಹೇಳಬೇಕು?

ಆದರೆ ಆ ಒಂದು ಒತ್ತಿನಿಂದ ಎಷ್ಟು ದೂರ ಹೋಗುತ್ತೆ ನೋಡಿ. ಸಮೀಕ್ಷೆಯ ಬೆಳೆಯೇ ಪಹಣಿಗೆ ಹೋಗುತ್ತೆ, ಪರಿಹಾರಕ್ಕೂ ಅದೇ, ಬೆಂಬಲ ಬೆಲೆಗೆ ರಾಗಿ ಕೊಡೋದಕ್ಕೂ ಅದೇ, ವಿಮೆಯವರೂ ಅದನ್ನೇ ತಾಳೆ ನೋಡುತ್ತಾರೆ. ಕಡತ ನನ್ನಂಥವನ ಮೇಜಿಗೆ ಬರೋ ಹೊತ್ತಿಗೆ ಹೊಲ ಉತ್ತು ಬೇರೆ ಬಿತ್ತನೆ ಆಗಿರುತ್ತೆ, ನಾನು ಹೋಗಿ ನೋಡೋಕೆ ಏನೂ ಉಳಿದಿರಲ್ಲ.

ಈಗಲೂ ದಾರಿ ಇದೆ. ಹೀಗೆ ತಾಳೆಯಾಗದ ಅರ್ಜಿಗಳ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಹಾಕಿ, ಆಕ್ಷೇಪಣೆಗೆ ಒಂದು ಕೊನೇ ದಿನ ಹೇಳುತ್ತಾರೆ. ಅದರೊಳಗೆ ಬರವಣಿಗೆಯಲ್ಲಿ ಕೊಡಿ. ರಾಗಿ ಬೆಳೆದಿದ್ದಕ್ಕೆ ಸಾಕ್ಷಿ ಲಗತ್ತಿಸಿ: ಖರೀದಿ ಕೇಂದ್ರಕ್ಕೋ ಎಪಿಎಂಸಿಗೋ ರಾಗಿ ಹಾಕಿದ ರಸೀದಿ, ಆ ಸಾಲಿನ ಪಹಣಿಯಲ್ಲಿ ರಾಗಿ ನಮೂದಾಗಿದ್ದರೆ ಅದು. ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಳ್ಳಿ, ಸೀಲ್ ಹೊಡೆಸಿ, 'ಆಯ್ತು ಇಟ್ಟು ಹೋಗಿ' ಅಂದರೆ ಇಟ್ಟು ಬರಬೇಡಿ.

ಬರೋ ವರ್ಷ ಈ ರಗಳೆ ಬೇಡ ಅಂದರೆ ರೈತರ ಬೆಳೆ ಸಮೀಕ್ಷೆ ಆಪ್‌ನಲ್ಲಿ ನೀವೇ ಹೊಲದಲ್ಲಿ ನಿಂತು ಫೋಟೋ ಹಾಕಿ. ಮನೆಯಲ್ಲಿ ಕಾಲೇಜಿಗೆ ಹೋಗೋ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ. ಬೇರೆಯವರು ಮಾಡಿದ್ದರೆ 'ಬೆಳೆ ದರ್ಶಕ' ಆಪ್‌ನಲ್ಲಿ ಏನು ದಾಖಲಾಗಿದೆ ಅಂತ ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ. ಬೆಳೆ ಹೊಲದಲ್ಲಿ ಇರುವಾಗ ಮಾಡಬೇಕು.

ಪ್ರಶ್ನೆ: ಎರಡು ಎಕರೆ ಇದೆ. ಬರ ಪರಿಹಾರ 20 ಗುಂಟೆಗೆ ಮಾತ್ರ ಬಂದಿದೆ. ಉಳಿದದ್ದು ಯಾರು ತಿಂದರು? (ಮಳವಳ್ಳಿ)

ಉತ್ತರ: ಯಾರೂ ತಿಂದಿಲ್ಲ ಅನ್ನಿಸುತ್ತೆ. ನಿಮ್ಮ ಫ್ರೂಟ್ಸ್ ಐಡಿಗೆ, ಅಂದರೆ ಸರ್ಕಾರ ರೈತರಿಗೆ ಕೊಡೋ ನೋಂದಣಿ ಸಂಖ್ಯೆಗೆ, ಆ 20 ಗುಂಟೆಯ ಸರ್ವೆ ನಂಬರ್ ಮಾತ್ರ ಸೇರಿರುತ್ತೆ. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದಾಗ ಈ ಸಮಸ್ಯೆ ಊರೂರಲ್ಲೂ ಆಯಿತು. ಉಳಿದ ಒಂದೂವರೆ ಎಕರೆ ತೀರಿಕೊಂಡ ತಂದೆ ಹೆಸರಲ್ಲೋ ತಾತನ ಹೆಸರಲ್ಲೋ ಇದೆಯಾ ನೋಡಿ. ಇದ್ದರೆ ಪೌತಿ ಖಾತೆ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಅಣ್ಣತಮ್ಮಂದಿರು ಒಪ್ಪಬೇಕು, ಅದೇ ಕಷ್ಟ, ಗೊತ್ತು. ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆ (ಎನ್‌ಪಿಸಿಐ ಮ್ಯಾಪಿಂಗ್) ಆಗಿದೆ ಅಂತಲೂ ವಿಚಾರಿಸಿ. ಮರೆತೇಹೋದ ಯಾವುದೋ ಖಾತೆಗೆ ದುಡ್ಡು ಬಂದು ಕೂತಿರೋದನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಬೇರೆಯವರ ಜಮೀನನ್ನು ವಾರಕ್ಕೆ, ಅಂದರೆ ಪಾಲಿಗೆ, ಮಾಡುತ್ತೇನೆ. ಗೊಬ್ಬರ ನನ್ನದು, ಆಳು ನನ್ನದು, ನಷ್ಟ ನನ್ನದು. ಪರಿಹಾರ ಮಾತ್ರ ಮೈಸೂರಿನಲ್ಲಿರೋ ಜಮೀನಿನ ಯಜಮಾನರಿಗೆ ಬಂತು. (ಮದ್ದೂರು)

ಉತ್ತರ: ಇಂಥ ಅರ್ಜಿ ಬಂದಾಗ ನನ್ನ ಕೈ ಕಟ್ಟಿಹೋಗುತ್ತಿತ್ತು. ಪರಿಹಾರ ಪಹಣಿ ಹಿಡಿದು ಬರುತ್ತೆ, ಪಹಣಿಯಲ್ಲಿ ನೀವಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಸಾಗುವಳಿ ಜಮೀನನ್ನು ಗೇಣಿಗೆ ಕೊಡೋದೇ ನಮ್ಮಲ್ಲಿ ನಿಷೇಧ. ಉಳುವವನಿಗೆ ನೆಲ ಸಿಗಲಿ ಅಂತ ಮಾಡಿದ ಕಾನೂನು, ಎಷ್ಟೋ ಮನೆಗಳಿಗೆ ನೆಲ ಸಿಕ್ಕಿತು ಕೂಡ, ನಮ್ಮ ಮನೆಗೂ. ಆದರೆ ಅದೇ ಕಾರಣಕ್ಕೆ ಇವತ್ತು ವಾರಕ್ಕೆ ಕೊಟ್ಟವರು ಒಂದು ಚೀಟಿ ಬರೆದುಕೊಡೋಕೂ ಹೆದರುತ್ತಾರೆ. ಫಸಲ್ ಬಿಮಾ ನಿಯಮದಲ್ಲಿ ಗೇಣಿದಾರರು, ಪಾಲಿಗೆ ಮಾಡುವವರೂ ಸೇರಬಹುದು ಅಂತ ಇದೆ. ಅದಕ್ಕೆ ಕೇಳೋ ಕಾಗದವನ್ನು ನೀವು ಎಲ್ಲಿಂದ ತರುತ್ತೀರಿ?

ಕಾಗದದಲ್ಲಿ ದಾರಿ ಇಲ್ಲ, ಬಾಯಿಮಾತಿನಲ್ಲಿ ಇದೆ. ಬಿತ್ತನೆಗೆ ಮುಂಚೆಯೇ ಯಜಮಾನರ ಹತ್ತಿರ 'ಪರಿಹಾರ ಬಂದರೆ ವಾರದ ಲೆಕ್ಕದಲ್ಲೇ ಹಂಚಿಕೊಳ್ಳೋಣ' ಅಂತ ನಾಲ್ಕು ಜನರ ಎದುರಿಗೆ ಮಾತಾಡಿಕೊಳ್ಳಿ. ಬೆಳೆ ಹೋದ ಮೇಲೆ ಕೇಳಿದರೆ ಯಾರೂ ಕೊಡಲ್ಲ.

ಪ್ರಶ್ನೆ: ಪರಿಚಯದವರಿಗೆ, ಲೀಡರ್‌ಗಳ ಕಡೆಯವರಿಗೆ ನಷ್ಟ ಜಾಸ್ತಿ ಬರೀತೀರಂತಲ್ಲ, ನಿಜವಾ? (ಮೈಸೂರು)

ಉತ್ತರ: ಬರೆಯೋರು ಇದ್ದಾರೆ. ನನಗೂ ಫೋನ್ ಬರುತ್ತಿತ್ತು. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ, ಅದನ್ನು ಹೇಳುತ್ತೇನೆ.

ವಿಪತ್ತು ನಿಧಿಯ ಪರಿಹಾರಕ್ಕೆ ಬೆಳೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು. 2022ರ ನಿಯಮದ ಪ್ರಕಾರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ತೋಟದಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ರಾಜ್ಯ ಸರ್ಕಾರ ಕೆಲವು ಸಲ ಇದರ ಮೇಲೆ ಸೇರಿಸಿಕೊಡುತ್ತೆ. ಗಮನಿಸಿ, ಶೇ. 32 ಆದರೆ ಏನೂ ಇಲ್ಲ, 33 ಆದರೆ ಪೂರ್ತಿ. ಈಗ ಹೇಳಿ, ಮಲಗಿದ ಭತ್ತದ ಗದ್ದೆ ಬದುವಿನ ಮೇಲೆ ನಿಂತು 30ಕ್ಕೂ 33ಕ್ಕೂ ವ್ಯತ್ಯಾಸ ಕಂಡುಹಿಡಿಯೋರು ಯಾರು? ಪಕ್ಕದಲ್ಲಿ ರೈತ ನಿಂತಿದ್ದಾನೆ, ಮಾತಾಡುತ್ತಿಲ್ಲ, ನಿಮ್ಮ ಪೆನ್ನನ್ನೇ ನೋಡುತ್ತಿದ್ದಾನೆ.

ನಾನು 35 ಅಂತ ಬರೆದಿದ್ದು ಉಂಟು. ಒಂದಲ್ಲ, ಹಲವು ಸಲ. ಅದರಲ್ಲಿ ಒಬ್ಬರೂ ಲೀಡರ್ ಕಡೆಯವರಲ್ಲ. ಹಾಗಂತ ಅದು ಸರಿ ಅಂತ ಹೇಳುತ್ತಿಲ್ಲ. ಒಂದು ಸಲ ಹಾಗೆ ಬರೆದ ಮೇಲೆ ಪಕ್ಕದ ಗದ್ದೆಯವನು, "ನಂದೂ ಅಷ್ಟೇ ಮಲ್ಗೈತಲ್ಲ ಸಾ" ಅಂದ. ಅವನದನ್ನು ನಿನ್ನೆ ನೋಡಿದ್ದೆ. 30 ಬರೆದಿದ್ದೆ. ವಾಪಸ್ ಹೋಗಿ ಕಡತ ತೆಗೆದು ಅದನ್ನೂ ಮತ್ತೆ ಅಳೆಸಬೇಕಾಯಿತು, ಅಂದಾಜಿನಲ್ಲಿ ಬರೆಯೋದನ್ನು ಅವತ್ತು ಬಿಟ್ಟೆ. ಆಮೇಲೆ ಗದ್ದೆಯಲ್ಲಿ ಐದು ಕಡೆ ಇಳಿದು, ಮಲಗಿದ ಬುಡ ಎಷ್ಟು, ನಿಂತ ಬುಡ ಎಷ್ಟು ಅಂತ ಎಣಿಸಿ, ಅದನ್ನು ಮಹಜರಿನಲ್ಲಿ ಬರೆದು, ರೈತನ ಸಹಿ ಹಾಕಿಸುತ್ತಿದ್ದೆ. ಪ್ಯಾಂಟ್ ಕೆಸರಾಗುತ್ತೆ. ಆದರೆ ಯಾರ ಫೋನ್ ಬಂದರೂ 'ಎಣಿಸಿದ್ದೇನೆ' ಅಂತ ಹೇಳಬಹುದು, ಅಂಥ ಫೋನ್ ಬರೋದೂ ಕಮ್ಮಿ ಆಯಿತು.

ಪ್ರಶ್ನೆ: ಕಬ್ಬಿಗೆ ಆನೆ ಬಿತ್ತು. ವಿಮೆ ಇಲ್ಲ. ಏನೂ ಸಿಗಲ್ವಾ? (ಹಲಗೂರು)

ಉತ್ತರ: ಅರಣ್ಯ ಇಲಾಖೆ ಕೊಡುತ್ತೆ. ತುಳಿದ ಜಾಗವನ್ನು ಹಾಗೇ ಬಿಟ್ಟು, ಹೆಜ್ಜೆ ಗುರುತು ಕಾಣೋ ಹಾಗೆ ಫೋಟೋ ತೆಗೆದು, ಅವತ್ತೇ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ.

ಪ್ರಶ್ನೆ: ಕೊಯ್ದು ಅರಿ ಹಾಕಿದ್ದ ರಾಗಿ ಮಳೆಗೆ ನೆನೆದು ಮೊಳಕೆ ಬಂತು. ವಿಮೆ ಇದೆ. ಇದಕ್ಕೂ ಪಂಚಾಯಿತಿ ಸರಾಸರಿಯೇನಾ? (ಕಿಕ್ಕೇರಿ)

ಉತ್ತರ: ಇಲ್ಲ, ಇದಕ್ಕೆ ನಿಮ್ಮ ಹೊಲವನ್ನೇ ಬಂದು ನೋಡುತ್ತಾರೆ. ಒಣಗಲಿ ಅಂತ ಹೊಲದಲ್ಲೇ ಹರವಿದ್ದ ಬೆಳೆ, ಕೊಯ್ದ 14 ದಿನದೊಳಗೆ ಅಕಾಲಿಕ ಮಳೆಗೆ ಹಾಳಾದರೆ ಬರುತ್ತೆ. ಮೆದೆ ಒಟ್ಟಿದ್ದರೆ ಬರಲ್ಲ. ಆಲಿಕಲ್ಲಿಗೂ ಹೊಲವನ್ನೇ ನೋಡೋದು. ಎರಡಕ್ಕೂ 72 ಗಂಟೆಯೊಳಗೆ ತಿಳಿಸಿರಬೇಕು, 14447ಕ್ಕೆ ಫೋನ್ ಮಾಡಿ ಅಥವಾ ಬ್ಯಾಂಕಿಗೋ ಕೃಷಿ ಇಲಾಖೆಗೋ ಹೇಳಿ. ಮೂರು ದಿನ ಮಳೆ ನಿಲ್ಲಲಿ ಅಂತ ಕಾದು, ನಾಲ್ಕನೇ ದಿನ ಬಂದವರ ಅರ್ಜಿ ಎಷ್ಟು ಬಿದ್ದಿದೆಯೋ ಲೆಕ್ಕವಿಲ್ಲ.

ಪ್ರಶ್ನೆ: ಕಟಾವು, ಸಮೀಕ್ಷೆ, ಆಕ್ಷೇಪಣೆ ಅಂತ ಇಷ್ಟೆಲ್ಲ ಯಾಕೆ? ಎಷ್ಟು ಮಳೆ ಬಂತು ಅಂತ ನೋಡಿ ಕೊಟ್ಟುಬಿಡಬಾರದಾ? (ಮೈಸೂರು)

ಉತ್ತರ: ಇದನ್ನು ನೂರು ವರ್ಷದ ಹಿಂದೆಯೇ ಒಬ್ಬರು ಹೇಳಿದ್ದರು. ಮೈಸೂರು ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ ಅಂತ. ಒಬ್ಬೊಬ್ಬರ ಹೊಲ ಅಳೆಯೋದು ಆಗದ ಮಾತು, ಮಳೆಮಾಪಕದ ಅಂಕಿ ನೋಡಿ ವಿಮೆ ಕೊಡೋಣ ಅಂತ ಯೋಚನೆ ಮಾಡಿ 1920ರಲ್ಲಿ ಪುಸ್ತಕವನ್ನೇ ಬರೆದರು. ಆಗ ಜಾರಿಗೆ ಬರಲಿಲ್ಲ. ಈಗ ಅಡಿಕೆ, ಮೆಣಸಿನಂಥ ತೋಟದ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಅಂತ ಇದೇ ಥರದ್ದು ನಡೆಯುತ್ತಿದೆ.

ರಾಗಿಗೂ ಅದನ್ನೇ ಮಾಡಿದರೆ ನಮ್ಮಂಥ ಷರಾ ಬರೆಯೋರ ಕಾಟ ತಪ್ಪುತ್ತೆ, ನಿಜ. ಆದರೆ ರಾಗಿ ಕಾಳು ಕಟ್ಟೋ ಹೊತ್ತಿಗೆ ಬರೋದು ಚಿತ್ತೆ ಮಳೆ. ಕುರುಡು ಚಿತ್ತೆ ಅಂತಲೇ ಅದಕ್ಕೆ ಹೆಸರು, ಎಲ್ಲಿ ಹುಯ್ಯುತ್ತೋ ಎಲ್ಲಿ ಬಿಡುತ್ತೋ. ಒಂದು ವರ್ಷ ನಮ್ಮೂರ ಮಾಪಕದ ಮೇಲೆ ಚೆನ್ನಾಗಿ ಹುಯ್ದು, ಕೆರೆ ಏರಿ ದಾಟಿ ಒಂದು ಹನಿ ಬರಲಿಲ್ಲ. ಏರಿ ಆಚೆ ಒಣಗಿದ್ದರಲ್ಲಿ ನನ್ನ ಒಂದು ಎಕರೆಯೂ ಇತ್ತು. ವಿಮೆ ಬಂತಾ ಅಂತ ಮಾತ್ರ ಕೇಳಬೇಡಿ. ಊರಿಗೆಲ್ಲ ಕಂತು ಕಟ್ಟಿ ಕಟ್ಟಿ ಅಂತ ಹೇಳಿಕೊಂಡು ಓಡಾಡಿ, ಆ ವರ್ಷ ನಾನೇ ಕಟ್ಟಿರಲಿಲ್ಲ.